ಮಾವನ ತಿಥಿ ಮತ್ತು ಲೆಕ್ಕಕ್ಕಿಲ್ಲದ ಪಂದ್ಯಗಳು

…ಅಥವಾ ಮಾವ ಆ ಮಾತು ಹೇಳಿದ್ದು ಅಡುಗೆಮನೆಯಲ್ಲಲ್ಲ, ಕಾರಿನಲ್ಲಿ. ಹೇಳಿದ್ದೇ ನಿಜವಾದರೆ. ಅಡುಗೆಮನೆ ಎಂದುಕೊಂಡಾಗ ಅವರ ಕೈಯಲ್ಲಿ ಕಾಫಿ ಲೋಟ ಇರುತ್ತದೆ, ಕಿಟಕಿಯಾಚೆ ಮಳೆ. ಕಾರು ಎಂದುಕೊಂಡರೆ ಅವರು ಮುಂದಿನ ಸೀಟಿನಲ್ಲಿ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದು ಕೂತಿರುತ್ತಾರೆ, ಮಗಳು ಹಿಂದೆ. ಎರಡರಲ್ಲೂ ಮಾತು ಮಾತ್ರ ಒಂದೇ: "ಒಂದ್ಸಲ ಮಗೂನ ಆ ಮ್ಯಾಚ್ ನೋಡೋಕೆ ಕರ್ಕೊಂಡ್ ಹೋಗಮ್ಮ. ನನ್ನ ತಿಥಿಗಿಥಿ ಅಂತ ನೆಪ ಹೇಳ್ಕೊಂಡು ಮನೇಲಿ ಕೂತ್ಕೋಬೇಡಿ."

ಮಾತು ಇಷ್ಟು ಅಚ್ಚುಕಟ್ಟಾಗಿರುವುದೇ ನನ್ನ ಅನುಮಾನಕ್ಕೆ ಕಾರಣ. ಮಾವ ಅಚ್ಚುಕಟ್ಟಾಗಿ ಮಾತಾಡುತ್ತಿದ್ದವರಲ್ಲ. ಒಂದು ವಾಕ್ಯ ಶುರು ಮಾಡಿ, ನಡುವೆ ಕನ್ನಡಕ ಹುಡುಕಿ, ಸಿಕ್ಕಮೇಲೆ ಬೇರೆಯದೇ ವಾಕ್ಯ ಮುಗಿಸುತ್ತಿದ್ದರು. ಮಳೆಯೂ ಸುಳ್ಳಿರಬೇಕು. ಅವರು ನಮ್ಮ ಮನೆಗೆ ಬಂದದ್ದು ಒಂದೇ ಸಲ, ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ. ನಾವಿರುವ ಸಮಾಮಿಶ್‌ನಲ್ಲಿ ಆ ತಿಂಗಳುಗಳಲ್ಲಿ ಮಳೆ ಅಪರೂಪ. ಹಾಗಾದರೆ ಆ ಕಿಟಕಿಗೆ ಮಳೆ ಹಚ್ಚಿದವಳು ನಾನೇ.

ಮಾವನ ವಿಷಯದಲ್ಲಿ ನನಗೆ ಖಚಿತವಾಗಿ ಗೊತ್ತಿರುವುದು ಕಡಿಮೆ. ಮೈಸೂರಿನಿಂದ ಬಂದ ಎರಡನೆಯ ವಾರಕ್ಕೆ ಅವರು ಮನೆಯೊಳಗೆ ಸಿಕ್ಕಿಕೊಂಡಿದ್ದರು. ನಮ್ಮ ಮನೆಯಿರುವ ಈ ಗುಡ್ಡದ ಮೇಲೆ ಕಾರಿಲ್ಲದವರು ಹೋಗುವ ಜಾಗವಿಲ್ಲ. ಬೀದಿ ಬಳಸಿ ಬಂದರೆ ಮತ್ತೆ ನಮ್ಮ ಗರಾಜಿನ ಬಾಗಿಲೇ ಸಿಗುತ್ತದೆ. ಆಗ ಹದಿನಾಲ್ಕರ ಮಗಳು ಅವರನ್ನು ಟಿವಿಯ ಮುಂದೆ ಕೂರಿಸಿ ಬೇಸ್‌ಬಾಲ್ ಕಲಿಸಿದಳು. ಅವಳ ಇಂಗ್ಲಿಷ್ ಅವರಿಗೆ ಅರ್ಧ ತಿಳಿಯುತ್ತಿತ್ತು, ಅವರ ಕನ್ನಡ ಅವಳಿಗೆ ಪೂರ್ತಿ ತಿಳಿಯುತ್ತಿತ್ತು.

"ಇದೇನು ಪುಟ್ಟಿ, ಔಟಾದೋನೇ ಮತ್ತೆ ಬಂದು ನಿಂತ?"

"ಇಟ್ಸ್ ಹಿಸ್ ಟರ್ನ್ ಅಗೇನ್, ತಾತ."

"ಭಾರಿ ಉದಾರಿಗಳು ಇವ್ರು. ನಮ್ಮಲ್ಲಿ ಔಟಾದ್ಮೇಲೆ ಪೆವಿಲಿಯನ್‌ನಲ್ಲಿ ಕೂತು ಬಾಳೆಹಣ್ಣು ತಿನ್ಬೇಕು."

ಇದು ನಡೆದದ್ದು. ಇದಕ್ಕೆ ಮಗಳ ಫೋನಿನಲ್ಲಿ ವಿಡಿಯೊ ಇದೆ. ವಿಡಿಯೊ ಇಲ್ಲದ ಮಾತುಗಳದ್ದೇ ತೊಂದರೆ. ಅವರು ವಾಪಸು ಹೋಗಿ ವರ್ಷವೊಂದು ಕಳೆದ ಮೇಲೆ, ಫಾಲ್ಗುಣದಲ್ಲಿ, ಮೈಸೂರಿನಲ್ಲೇ ತೀರಿಕೊಂಡರು.

ಪ್ರಯಾಣದ ಯೋಜನೆ ಶುರುವಾದದ್ದು ಅದಾಗಿ ಎರಡನೆಯ ಚಳಿಗಾಲದಲ್ಲಿ. ನಮ್ಮೂರಿನ ಬೇಸ್‌ಬಾಲ್ ತಂಡ ಫೆಬ್ರವರಿಯಲ್ಲಿ ಅರಿಜೋನಾದ ಮರುಭೂಮಿಗೆ ಹೋಗಿ ಅಭ್ಯಾಸ ಮಾಡುತ್ತದೆ, ಕೆಲವು ವಾರ ಅಭ್ಯಾಸದ ಪಂದ್ಯಗಳನ್ನು ಆಡುತ್ತದೆ. ಗೆದ್ದರೂ ಸೋತರೂ ಅವು ಯಾವ ಪಟ್ಟಿಗೂ ಸೇರುವುದಿಲ್ಲ. ಬೆಳಿಗ್ಗೆ ಬೇಲಿಯ ಪಕ್ಕ ನಿಂತರೆ ಆಟಗಾರರು ಕೈಗೆ ಸಿಗುವಷ್ಟು ಹತ್ತಿರ ನಡೆದು ಹೋಗುತ್ತಾರಂತೆ. ಮಧ್ಯಾಹ್ನ ಮೈದಾನದ ಹಿಂದಿನ ಹುಲ್ಲಿನ ದಿಬ್ಬದ ಮೇಲೆ ಚಾದರ ಹಾಸಿಕೊಂಡು ಪಂದ್ಯ ನೋಡಬಹುದಂತೆ.

ಮಗಳು ಅಡುಗೆಮನೆಗೆ ಬಂದು, ಫ್ರಿಜ್ಜಿನ ಬಾಗಿಲು ತೆಗೆದು, ಅದರೊಳಗೇ ನೋಡುತ್ತಾ ಕೇಳಿದಳು: ನೀನು ನನ್ನ ಜೊತೆ ಬರ್ತೀಯಾ? ಬರೀ ನೀನು. ಕೇಳಿದ್ದು ಇಂಗ್ಲಿಷಿನಲ್ಲಿ. ಕನ್ನಡಕ್ಕೆ ಬರುವಾಗ ಅದು ಸ್ವಲ್ಪ ಮೆತ್ತಗಾಗಿದೆ. ಅವಳದು ಹೈಸ್ಕೂಲಿನ ಕೊನೆಯ ವರ್ಷ. ಸೆಪ್ಟೆಂಬರಿಗೆ ಬೇರೆ ರಾಜ್ಯದ ಕಾಲೇಜಿಗೆ ಹೊರಡುವವಳು. ಅದಕ್ಕೂ ಹಿಂದಿನ ಒಂದು ವರ್ಷ ನಮ್ಮಿಬ್ಬರ ನಡುವೆ ಆದ ಮಾತುಗಳೆಂದರೆ ಊಟ ಆಯ್ತಾ, ಕಾರಿನ ಕೀ ಎಲ್ಲಿ, ಬಾಗಿಲು ಹಾಕು. ಆದ್ದರಿಂದ ನಾನು ಬರ್ತೀನಿ ಅಂದೆ. ಯೋಚಿಸಿ ಹೇಳಿದೆನೆಂದು ಅನಿಸುವುದಿಲ್ಲ.

ದಿನ ಹುಡುಕುವುದು ನನ್ನ ಪಾಲಿಗೆ ಬಂತು. ಸ್ಕೂಲಿನ ವಸಂತದ ರಜೆ ಏಪ್ರಿಲ್‌ನಲ್ಲಿ, ಅಷ್ಟು ಹೊತ್ತಿಗೆ ತಂಡ ಮರಳಿ ಬಂದಿರುತ್ತದೆ. ಮಾರ್ಚಿನಲ್ಲಿ ಅವಳಿಗೆ ಪರೀಕ್ಷೆ, ನನಗೆ ಆಫೀಸಿನಲ್ಲಿ ಹೊಸ ಸಾಫ್ಟ್‌ವೇರಿನ ಬಿಡುಗಡೆಯ ತಿಂಗಳು. ಉಳಿದದ್ದು ಫೆಬ್ರವರಿಯ ನಡುಚಳಿಗಾಲದ ರಜೆಯ ವಾರ, ಅದರಲ್ಲೂ ಅದರ ಕೊನೆ. ಮೊದಲ ಪಂದ್ಯಗಳು ಆಗಲೇ ಶುರು. ಗುರುವಾರ ಸಂಜೆ ಹೊರಡುವುದು, ಶುಕ್ರವಾರ ಶನಿವಾರ ಎರಡು ಪಂದ್ಯ, ಶನಿವಾರ ರಾತ್ರಿಯ ವಿಮಾನಕ್ಕೆ ವಾಪಸು. ಭಾನುವಾರವನ್ನು ಬಿಡಲೇಬೇಕಿತ್ತು, ಯಾಕೆಂದರೆ ಭಾನುವಾರ ಮಾವನ ತಿಥಿ. ಮೊದಲ ವರ್ಷದ್ದನ್ನು ನನ್ನ ಗಂಡ ಮೈಸೂರಿಗೇ ಹೋಗಿ ಮಾಡಿದ್ದ. ಈ ಮನೆಯಲ್ಲಿ ಮಾಡುವುದು ಇದೇ ಮೊದಲು.

ಭಾನುವಾರ ಎಂದು ನನಗೆ ಹೇಳಿದ್ದು ಫ್ರಿಜ್ಜಿನ ಪಕ್ಕದ ಗೋಡೆಯ ಕ್ಯಾಲೆಂಡರು. ನಾದಿನಿ ಪ್ರತಿ ವರ್ಷ ಮೈಸೂರಿನಿಂದ, ಹಪ್ಪಳದ ಜೊತೆ ಸುತ್ತಿ ಕಳಿಸುವಂಥದು. ಅದರಲ್ಲಿ ತಿಥಿ ನೋಡಿ, ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದೆ. ಮಗಳು ತನ್ನ ಲ್ಯಾಪ್‌ಟಾಪಿನಲ್ಲಿ ತಖ್ತೆ ಮಾಡಿದಳು. ಯಾವ ದಿನ ಯಾವ ಮೈದಾನ, ಬೆಳಿಗ್ಗೆ ಯಾವ ಗೇಟು, ನೆರಳು ಯಾವ ಕಡೆ ಬೀಳುತ್ತದೆ. ಹೊರಗೆ ಮಳೆ, ಇದಂತೂ ನಿಜ, ಫೆಬ್ರವರಿಯಲ್ಲಿ ಇಲ್ಲಿ ಹೊರಗೆ ಬೇರೇನೂ ಇರುವುದಿಲ್ಲ. ನಾನು ಮೇಲಿನ ಕೋಣೆಯಲ್ಲಿ ಒಂದು ಮೀಟಿಂಗಿನಿಂದ ಇನ್ನೊಂದಕ್ಕೆ ಕೂತಲ್ಲೇ ಹೋಗುತ್ತಾ, ನಡುವೆ ಅವಳ ತಖ್ತೆ ತೆರೆದು ನೆರಳಿನ ಕಾಲಂ ನೋಡುತ್ತಿದ್ದೆ. ಟಿಕೆಟ್ಟು ಮಾಡಿಸಿದೆವು.

ಗಂಡನಿಗೆ ಇದು ತಮಾಷೆಯಾಗಿತ್ತು. "ಲೆಕ್ಕಕ್ಕೇ ಇಲ್ದಿರೋ ಮ್ಯಾಚ್ ನೋಡೋಕೆ ವಿಮಾನ ಹತ್ತಿ ಹೋಗ್ತೀರಾ? ನಮ್ ಗಲ್ಲೀಲಿ ಆಡ್ತಿದ್ದೆ, ಆಗ ಯಾರೂ ಬರ್ಲಿಲ್ಲ."

"ನೀವು ಆಡ್ತಿದ್ದದ್ದು ಲೆಕ್ಕಕ್ಕಿತ್ತಲ್ಲ, ಅದಕ್ಕೇ ಬರ್ಲಿಲ್ಲ," ಅಂದೆ.

ಹತ್ತು ದಿನ ಮೊದಲು ಪುರೋಹಿತರಿಗೆ ಫೋನ್ ಮಾಡಿದೆ, ಭಾನುವಾರಕ್ಕೆ ಏನೇನು ಸಾಮಾನು ಬೇಕು ಎಂದು ಕೇಳಲು.

"ಭಾನುವಾರ ಅಲ್ಲಮ್ಮ, ಶನಿವಾರ," ಅಂದರು.

"ಕ್ಯಾಲೆಂಡರ್‌ನಲ್ಲಿ ಭಾನುವಾರ ಇದೆಯಲ್ಲ."

"ಅದು ಯಾವ ಊರಿನ ಕ್ಯಾಲೆಂಡರು?"

ನಾನು ಗೋಡೆ ನೋಡಿದೆ. ಅವರು ಬೇಸರವಿಲ್ಲದೆ ಬಿಡಿಸಿ ಹೇಳಿದರು. ಬಹುಶಃ ಪ್ರತಿ ವರ್ಷ ಹತ್ತು ಮನೆಗೆ ಹೇಳುವ ಮಾತು. ತಿಥಿ ಚಂದ್ರನದು, ಅದು ಎಲ್ಲ ಊರಿಗೂ ಒಂದೇ ಹೊತ್ತಿಗೆ ಹುಟ್ಟಿ ಒಂದೇ ಹೊತ್ತಿಗೆ ಮುಗಿಯುತ್ತದೆ. ಶ್ರಾದ್ಧಕ್ಕೆ ನೋಡಬೇಕಾದ್ದು ಆ ತಿಥಿ ಯಾವ ದಿನದ ಅಪರಾಹ್ನದಲ್ಲಿ ಇರುತ್ತದೆ ಎಂದು. ಮೈಸೂರಿನಲ್ಲಿ ಭಾನುವಾರದ ಅಪರಾಹ್ನ. ನಮ್ಮಲ್ಲಿ ಭಾನುವಾರದ ಅಪರಾಹ್ನ ಬರುವಷ್ಟರಲ್ಲಿ ತಿಥಿ ಮುಗಿದೇ ಹೋಗಿರುತ್ತದೆ, ಆದ್ದರಿಂದ ಶನಿವಾರ. "ಇಲ್ಲಿದ್ದುಕೊಂಡು ಅಲ್ಲಿನ ಗೋಡೆ ನೋಡಿದ್ರೆ ಹೀಗೇ ಆಗೋದು ತಾಯಿ," ಅಂದು ನಕ್ಕರು. ಆಮೇಲೆ ಹಾಗಲಕಾಯಿ, ಬಾಳೆಕಾಯಿ, ಗೋರಿಕಾಯಿ ಎಂದು ಹೇಳುತ್ತಾ ಹೋದರು. ನಾನು ಬರೆದುಕೊಂಡೆ. ಆ ಚೀಟಿ ಇನ್ನೂ ಇದೆ, ಗೋರಿಕಾಯಿಯ ನಂತರ ಏನೂ ಬರೆದಿಲ್ಲ.

ಶನಿವಾರ ಮಧ್ಯಾಹ್ನ ನಾನು ಹುಲ್ಲಿನ ದಿಬ್ಬದ ಮೇಲಿರಬೇಕಿತ್ತು. ಶ್ರಾದ್ಧದಲ್ಲಿ ಸೊಸೆ ಇರಬೇಕು, ಮಡಿಯಲ್ಲಿ ಅಡುಗೆ ಮಾಡಬೇಕು, ಕರ್ತೃವಾದ ಗಂಡನ ಪಕ್ಕ ನಿಂತು ಕೈಗೆ ನೀರು ಬಿಡಬೇಕು. ಯಾರೂ ಇದನ್ನು ನನಗೆ ಕಟ್ಟಳೆ ಎಂದು ಹೇಳಿಕೊಟ್ಟಿರಲಿಲ್ಲ. ನನಗೆ ಗೊತ್ತಿತ್ತು, ಅಷ್ಟೇ, ಬಾಗಿಲು ಯಾವ ಕಡೆಗೆ ತೆಗೆಯುತ್ತದೆಂದು ಗೊತ್ತಿರುವ ಹಾಗೆ.

ಮಗಳಿಗೆ ಹೇಳಿದಾಗ ಅವಳು ಅಳಲಿಲ್ಲ, ಕೂಗಲಿಲ್ಲ. ತಂಡವೇ ಕೆಲವು ದಿನ ಎರಡು ಭಾಗವಾಗಿ ಒಂದೇ ಹೊತ್ತಿಗೆ ಎರಡು ಊರಲ್ಲಿ ಆಡುತ್ತೆ, ನೀನೂ ಎರಡಾಗು ಅಮ್ಮ, ಅಂದಳು. ನಾನು ನಕ್ಕೆ. ಅವಳು ನಗದೆ ಲ್ಯಾಪ್‌ಟಾಪ್ ಮುಚ್ಚಿದಳು. ಮುಂದಿನ ವರ್ಷ ಹೋಗೋಣ ಎಂಬ ಮಾತು ನನ್ನ ಬಾಯಿಗೆ ಬಂದಿತ್ತು. ಮುಂದಿನ ವರ್ಷ ಅವಳು ಈ ಮನೆಯಲ್ಲಿರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿದ್ದರಿಂದ ಅದನ್ನು ಆಡಲಿಲ್ಲ.

ಮೂರು ದಿನ ನಾನು ಬೇರೆ ದಾರಿ ಹುಡುಕಿದೆ. ಶುಕ್ರವಾರದ ಪಂದ್ಯ ಮಾತ್ರ ನೋಡಿ ರಾತ್ರಿಯೇ ಬಂದುಬಿಡುವುದು: ವಿಮಾನದಲ್ಲಿ ಸೀಟಿಲ್ಲ. ಶನಿವಾರ ಬೆಳಿಗ್ಗೆ ಸೀಟಿದ್ದ ಮೊದಲ ವಿಮಾನ: ಇಲ್ಲಿ ಇಳಿದು, ಮಿಂದು, ಒಲೆ ಹಚ್ಚುವಷ್ಟರಲ್ಲಿ ಅಪರಾಹ್ನ ದಾಟಿರುತ್ತದೆ. ಯಾವ ಕಡೆಯಿಂದ ಬಂದರೂ ಅದೇ ಶನಿವಾರದ ಒಂದು ಗಂಟೆಗೆ ತಲುಪುತ್ತಿದ್ದೆ, ಮಾವ ನಮ್ಮ ಬೀದಿಯನ್ನು ಬಳಸಿ ಬಳಸಿ ಗರಾಜಿಗೆ ಬರುತ್ತಿದ್ದ ಹಾಗೆ. (ಈ ಹೋಲಿಕೆ ಆಗ ಹೊಳೆದಿರಲಿಲ್ಲ, ಈಗ ಹೊಳೆದದ್ದು. ಹೊಡೆದು ಹಾಕಬೇಕೆಂದುಕೊಂಡೆ, ಇರಲಿ.)

ನಾಲ್ಕನೆಯ ಸಂಜೆ ಊಟದ ಮೇಜಿನಲ್ಲಿ ಗಂಡ ಫೋನ್ ತೆಗೆದು, "ನಿಮ್ಮ ಟಿಕೆಟ್ ಕ್ಯಾನ್ಸಲ್ ಮಾಡ್ಲಾ?" ಅಂದ. ಮೃದುವಾಗಿಯೇ ಕೇಳಿದ. ಅವನು ಮೃದುವಾಗಿ ಕೇಳದಿದ್ದರೆ ನಾನು ಆ ಮಾತು ಹೇಳುತ್ತಿರಲಿಲ್ಲವೋ ಏನೋ.

"ರೀ, ನಿಮ್ಮಪ್ಪನೇ ಹೇಳಿದ್ರು," ಅಂದೆ. "ಮಗೂನ ಕರ್ಕೊಂಡ್ ಹೋಗು, ನನ್ನ ತಿಥಿ ಅಂತ ನೆಪ ಹೇಳ್ಕೊಂಡು ಮನೇಲಿ ಕೂತ್ಕೋಬೇಡಿ ಅಂದಿದ್ರು."

ಹೇಳುವಾಗ ಅದು ನೆನಪಿನಂತೆಯೇ ಬಂತು. ಸುಳ್ಳು ಹೇಳುವಾಗ ನನಗೆ ಕಿವಿ ಬಿಸಿಯಾಗುತ್ತದೆ. ಅವತ್ತು ಆಗಲಿಲ್ಲ. ಆದರೆ ಅದಕ್ಕೆ ಮೊದಲು ಆ ಮಾತನ್ನು ನಾನು ಯಾರಿಗಾದರೂ ಹೇಳಿದ್ದೆನೇ, ಒಬ್ಬಳೇ ಇದ್ದಾಗ ನೆನೆಸಿಕೊಂಡಿದ್ದೆನೇ ಎಂದು ಹುಡುಕಿದರೆ ಏನೂ ಸಿಗುವುದಿಲ್ಲ.

"ಯಾವಾಗ ಅಂದಿದ್ರು?"

"ಇಲ್ಲಿದ್ದಾಗ. ಅವಳೂ ಇದ್ಲು."

ಅವನು ಮಗಳ ಕಡೆ ತಿರುಗಿದ. "ತಾತ ಹಾಗಂದ್ರಾ?"

ಮಗಳು ಚಪಾತಿ ಹರಿಯುತ್ತಿದ್ದಳು. ನನ್ನನ್ನು ನೋಡಿದಳು. ಎಷ್ಟು ಹೊತ್ತು ನೋಡಿದಳು ಎಂಬುದು ನಾನು ನೆನೆದಾಗಲೆಲ್ಲ ಬದಲಾಗುತ್ತದೆ. ಒಮ್ಮೊಮ್ಮೆ ನೋಡಲೇ ಇಲ್ಲ. ಆಮೇಲೆ, "ಹೂಂ," ಅಂದಳು. "ಅಂದ್ರು." ಅವಳು ನಮಗೆ ಕನ್ನಡದಲ್ಲಿ ಉತ್ತರ ಕೊಡುವುದು ಅಪರೂಪ. ಅದು ಗಂಡನಿಗೆ ಸಾಕ್ಷಿಯಂತೆ ಕಂಡಿತು. ನನಗೂ ಸಾಕ್ಷಿಯಂತೆಯೇ ಕಂಡಿತು, ಆದರೆ ಬೇರೆ ಯಾವುದಕ್ಕೋ.

ಗಂಡ ಎದ್ದು ಹೋಗಿ ಮುಖ ತೊಳೆದು ಬಂದ. "ಅಪ್ಪ ಅಂದಿದ್ದು ಅಂದ್ರೆ ಮುಗೀತು. ನೀವು ಹೋಗಿ. ನಾನು ಪುರೋಹಿತರ ಮನೇಲೇ ಮಾಡ್ತೀನಿ." ಪುರೋಹಿತರ ಹೆಂಡತಿ ಅಡುಗೆಗೆ ಒಪ್ಪಿದರು.

ಅಲ್ಲಿಗೆ ಮುಗಿಯಬಹುದಿತ್ತು. ಮರುದಿನ ಅವನು ತಂಗಿಗೆ ಫೋನ್ ಮಾಡಿ ಈ ಮಾತು ಹೇಳಿದ. ಅವಳು ನನ್ನೊಡನೆ ಮಾತಾಡಬೇಕೆಂದಳು. ಮೈಸೂರಿನಲ್ಲಿ ಆಗ ಬೆಳಿಗ್ಗೆ, ವಿಡಿಯೊದಲ್ಲಿ ಅವಳ ಹಿಂದೆ ಒಗೆದ ಬಟ್ಟೆ ಒಣಗುತ್ತಿತ್ತು.

"ನೋಡಿ ಅತ್ತಿಗೆ, ಅಪ್ಪ ನನಗೆ ಒಂದ್ ಮಾತೂ ಹೇಳಿರ್ಲಿಲ್ಲ. ಆಸ್ಪತ್ರೇಲಿ ಹದಿನಾರು ದಿನ ಪಕ್ಕದಲ್ಲೇ ಇದ್ದೆ. ತನ್ನ ತಿಥಿ ಬಗ್ಗೆ ನಿಮ್ಹತ್ರ ಹೇಳಿದ್ರಲ್ಲ."

"ಸುಮ್ನೆ ಮಾತಿಗೆ ಅಂದಿರ್ಬೇಕು ಕಣೇ."

"ಸುಮ್ನೆ ಅನ್ನೋರಲ್ಲ ಅವ್ರು. ಹೇಗಂದ್ರು, ಇನ್ನೊಂದ್ಸಲ ಹೇಳಿ."

ಹೇಳಿದೆ. ಆ ಸಲ ಅಡುಗೆಮನೆ ಬಂತು, ಲೋಟ ಬಂತು, ಮಳೆಯೂ ಆಗಲೇ ಬಂದಿರಬೇಕು. ಅವಳು ಕಣ್ಣೊರೆಸಿಕೊಂಡು, "ಹೂಂ, ಅಪ್ಪಂದೇ ಮಾತು," ಅಂದಳು. ಅದನ್ನು ವಾಪಸು ತೆಗೆದುಕೊಳ್ಳುವ ದಾರಿ ನನಗೆ ಆಗ ಕಾಣಲಿಲ್ಲ. ತೆಗೆದುಕೊಂಡರೆ ಪ್ರಯಾಣ ಹೋಗುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಮೇಜಿನಲ್ಲಿ ಹೂಂ ಅಂದ ಮಗಳೂ ಸಿಕ್ಕಿಬೀಳುತ್ತಿದ್ದಳು. ಈಗ ಆ ಮಾತು ನಮ್ಮ ಮನೆಯವರೆಲ್ಲರದು. ನಾದಿನಿ ಅದನ್ನು ನೆಂಟರಿಗೆ ಹೇಳುತ್ತಾಳೆ, ಪ್ರತಿ ಸಲ ತುಸು ಉದ್ದವಾಗಿ. ಕೊನೆಯ ಸಲ ಕೇಳಿದಾಗ ಮಾವ ನನ್ನ ತಲೆಯ ಮೇಲೆ ಕೈಯಿಟ್ಟಿದ್ದರು.

ನಾವು ಹೋದೆವು. ಬೆಳಿಗ್ಗೆ ಬೇಲಿಯ ಪಕ್ಕ ನಿಂತೆವು. ಆಟಗಾರರು ಹತ್ತಿರ ನಡೆದು ಹೋದದ್ದು ನಿಜ, ಅವರ ಬೂಟಿನ ಕೆಳಗೆ ಜಲ್ಲಿ ಸದ್ದು ಮಾಡುತ್ತಿತ್ತು. ಶನಿವಾರ ಮಧ್ಯಾಹ್ನ ದಿಬ್ಬದ ಮೇಲೆ ಕೂತಿದ್ದಾಗ ಗಂಡ ಎಲೆಯ ಚಿತ್ರ ಕಳಿಸಿದ, ವಡೆ, ಎಳ್ಳುಂಡೆ, ಗೋರಿಕಾಯಿ ಪಲ್ಯ. ಕೆಳಗೆ ಒಂದೇ ಸಾಲು: ಎಲ್ಲಾ ಚೆನ್ನಾಗಾಯ್ತು. ನೆರಳು ಮಗಳ ತಖ್ತೆಯಲ್ಲಿದ್ದ ಕಡೆ ಬಿದ್ದಿರಲಿಲ್ಲ, ನಮ್ಮಿಬ್ಬರ ಮೇಲೂ ಬಿಸಿಲಿತ್ತು. ಫೋನನ್ನು ಅವಳ ಕಡೆ ಹಿಡಿದೆ. ಅವಳು ಚಿತ್ರ ನೋಡಿ, ತನ್ನ ಟೋಪಿಯನ್ನು ನನ್ನ ತಲೆಗೆ ಹಾಕಿದಳು.

ಆಗ ಕೇಳಬಹುದಿತ್ತು. ತಾತ ನಿಜವಾಗಿ ಅಂದ್ರಾ, ಇಲ್ಲ ನನಗೋಸ್ಕರ ಹೂಂ ಅಂದೆಯಾ ಎಂದು. ವಾಕ್ಯ ಬಾಯಲ್ಲಿತ್ತು. ಅವಳು ಅಂದ್ರು ಎಂದರೆ ನಾನು ನಂಬುತ್ತೇನೆಯೇ ಎಂದು ಯೋಚಿಸುವಷ್ಟರಲ್ಲಿ ಚೆಂಡು ನಮ್ಮ ಕಡೆಗೆ ಬಂತು, ಎಲ್ಲರೂ ಎದ್ದರು, ಅವಳೂ ಎದ್ದಳು. ಅಂದಿಲ್ಲ ಎಂದರೆ ಏನು ಮಾಡುತ್ತಿದ್ದೆ ಎಂಬ ಕಡೆಗೆ ನಾನು ಹೋಗಲೇ ಇಲ್ಲ.

ಅವಳು ಈಗ ಕಾಲೇಜಿನಲ್ಲಿದ್ದಾಳೆ. ಭಾನುವಾರ ಫೋನ್ ಮಾಡುತ್ತಾಳೆ. ಊಟ ಆಯ್ತಾ ಎಂಬುದರ ಆಚೆಗೂ ಮಾತಾಡುತ್ತೇವೆ, ಇದೊಂದನ್ನು ಬಿಟ್ಟು. ಈ ವರ್ಷದ ತಿಥಿಯ ದಿನವನ್ನು ಪುರೋಹಿತರನ್ನೇ ಕೇಳಿ ಬರೆದುಕೊಂಡಿದ್ದೇನೆ. ಗಂಡ ಹೇಳುತ್ತಾನೆ, "ಅಪ್ಪನೇ ಬೇಡ ಅಂದಿದ್ರಲ್ಲ, ಸರಳವಾಗಿ ಮಾಡಿದ್ರಾಯ್ತು." ನಾನು ಹೂಂ ಅನ್ನುತ್ತೇನೆ.

ಮಾವ ಆ ಮಾತು ಹೇಳಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಮಗಳಿಗೆ ಗೊತ್ತಿದೆಯೇ, ಅದೂ ಗೊತ್ತಿಲ್ಲ.