ಗುಡ್ಡ ಇನ್ನಾ ಬಂದಿಲ್ಲ

ಗೆಳೆಯರೇ, ಇಂದು ಬೆಳಿಗ್ಗೆ ನಮ್ಮಮ್ಮ ಹೊಸಪೇಟೆಯಲ್ಲಿ ರೈಲಿನಿಂದ ಇಳಿಯಲೇ ಇಲ್ಲ. ನಾನು ಪ್ಲಾಟ್‌ಫಾರ್ಮಿನಲ್ಲಿ ಹುಡುಕುತ್ತಿದ್ದಂತೆಯೇ ರೈಲು ಹೊರಟುಹೋಯಿತು. ಕೊನೆಗೆ ಕೊಪ್ಪಳಕ್ಕೆ ಹೋಗಿ ಕರೆತಂದೆ.

ನಾವು ಆಂಧ್ರದಿಂದ ಕೂಲಿಗೆ ಬಂದವರು. ಅಮ್ಮನಿಗೆ ಓದು ಬಾರದು. "ಎಡಕ್ಕ ಎತ್ತಿನ ಡುಬ್ಬದಂಥ ಗುಡ್ಡ ಕಂಡ್ರ ನಮ್ಮೂರು ಬಂತು, ಗಂಟು ತಗೊಂಡು ಏಳು" ಎಂದು ಅಪ್ಪ ಹೇಳಿಕೊಟ್ಟಿದ್ದ. ಅಪ್ಪ ಸತ್ತ ಮೇಲೂ ಅವಳಿಗೆ ಆ ಗುಡ್ಡವೇ ಊರಿನ ಬೋರ್ಡು. ಅಜ್ಜಿಯ ಆರೈಕೆಗೆಂದು ಕೆಲವು ವರ್ಷ ತವರಿನಲ್ಲಿದ್ದು ಇಂದು ವಾಪಸ್ ಹೊರಟಿದ್ದಳು. ಆ ವರ್ಷಗಳಲ್ಲಿ ಗಣಿಯವರು ಆ ಡುಬ್ಬವನ್ನು ಕೆರೆದು ಚಪ್ಪಟೆ ಮಾಡಿದ್ದರು.

"ಹೊಸಪೇಟಿ ಬಂತು, ಇಳೀರಿ ಅಂತ ಪಕ್ಕದವ್ರು ಹೇಳ್ಲಿಲ್ಲೇನು?" ಎಂದು ರೇಗಿದೆ.

"ಹೇಳಿದ್ರು. ಗುಡ್ಡ ಇನ್ನಾ ಬಂದಿಲ್ಲ ಅಂದೆ. ನಿಮ್ಮಪ್ಪ ಇದ್ದಿದ್ರ ಅವ್ರೂ ಇಳೀತಿರ್ಲಿಲ್ಲ ನಾಯನಾ."

ಅದೇ ಗಣಿಯ ಲೋಡಿಗೆಂದು ನಾನು ಕೊಂಡ ಟಿಪ್ಪರ್ ಮನೆ ಮುಂದೆ ನಿಂತಿತ್ತು. ಅಮ್ಮ ಅದನ್ನು ನೋಡಿದ್ದು ಇದೇ ಮೊದಲು. ಎರಡೂ ಕೈಯಿಂದ ಸವರಿ, "ಭಾಳ ಚಲೋ ಆತು. ಇದ್ರಾಗ ಏನ್ ಹೇರ್ತಿಯೋ?" ಎಂದಳು.

"ಮಣ್ಣು" ಎಂದೆ.

ಸುಳ್ಳೇನೂ ಹೇಳಲಿಲ್ಲ, ನೋಡಿ.