ಲವೀನಿಯಾಳ ಮೂರು ದೆವ್ವಗಳು

ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತಳಾದ ಲವೀನಿಯಾ ಡೆಕರ್‌ಗೆ ವರ್ಷ ಶುರುವಾಗುವುದೇ ಅಕ್ಟೋಬರ್‌ನಲ್ಲಿ. ಅಮೆರಿಕದ ಹಡ್ಸನ್ ನದಿಯ ದಂಡೆಯಲ್ಲಿ ಈಗ ಪ್ರವಾಸಿಗರಿಗೆ ತೆರೆದಿರುವ ಹಳೇ ಕಲ್ಲುಮನೆಯಲ್ಲಿ, ತಿಂಗಳ ಕೊನೆಯ ದೆವ್ವಗಳ ಹಬ್ಬ ಹ್ಯಾಲೋವೀನ್ ಮುಗಿಯುವವರೆಗೆ ದಿನಾ ಸಂಜೆ ಬಂದವರಿಗೆ ದೆವ್ವದ ಕಥೆ ಹೇಳುವವಳು ಅವಳೇ. ಕಪ್ಪು ನಿಲುವಂಗಿ ತೊಟ್ಟು, ಬಿಸಿ ಸೇಬಿನ ರಸ ಗುಟುಕರಿಸಿ, ಮೇಣದಬತ್ತಿ ಹಿಡಿದು ನಿಂತಳೆಂದರೆ ಮೊದಲ ಮಾತು ಯಾವತ್ತೂ ಒಂದೇ: "ಗುಂಡಿಗೆ ಗಟ್ಟಿ ಇಲ್ದೋರು ಈಗ್ಲೇ ಎದ್ದು ಹೋಗಿ, ಆಮೇಲೆ ನನ್ನ ಬೈಬೇಡಿ!" ಯಾರೂ ಏಳುವುದಿಲ್ಲ, ಅವಳಿಗೆ ಅದೇ ಖುಷಿ. ಮನೆಯ ಮೆಟ್ಟಿಲು ಒಂಬತ್ತೇ ಆದರೂ, ನದಿಯಲ್ಲಿ ಮುಳುಗಿ ಸತ್ತ ಹಡಗಿನ ಕ್ಯಾಪ್ಟನ್‌ನ ದೆವ್ವ ಅವಳ ಕಥೆಯಲ್ಲಿ ವರ್ಷಕ್ಕೊಂದು ಮೆಟ್ಟಿಲು ಹೆಚ್ಚಿಗೆ ಇಳಿದು ಈಗ ಇಪ್ಪತ್ತು ಮುಟ್ಟಿದೆ. ಅವಳ ಗಂಟಲಲ್ಲಿ ಎರಡನೇ ದೆವ್ವ, ಅಟ್ಟದ ಮದುಮಗಳು, ಕಿರುಚಿದರೆ ದಪ್ಪ ಮೀಸೆಯ ಗಂಡಸರೂ ಹೆಂಡತಿಯ ತೋಳು ಹಿಡಿಯುತ್ತಾರೆ. ಕೊನೆಗೆ ಎಲ್ಲರನ್ನೂ ಅಡುಗೆಮನೆಗೆ ಕರೆದೊಯ್ದು, ಗುಲಾಮಗಿರಿಯ ಕಾಲದಲ್ಲಿ ಈ ಮನೆಯವರು ಎರಡು ಹಸುಗಳ ಜೊತೆಗೇ ಕೊಂಡು ತಂದಿದ್ದ ಗುಲಾಮ ಹೆಂಗಸು ಬೆಟ್ಟಿಯ ಕಥೆಗೆ ಬಂದಾಗ ಮಾತ್ರ ಅವಳ ದನಿ ತಗ್ಗುತ್ತದೆ. "ಅವಳು ಇಲ್ಲೇ, ಒಲೆ ಮುಂದೆ ಕೂತಿರ್ತಾಳೆ," ಅಷ್ಟೇ. ಈ ವರ್ಷ ಮುಂದೆ ನಿಂತಿದ್ದ ಪುಟ್ಟ ಹುಡುಗಿಯೊಬ್ಬಳು ಕೇಳಿಯೇಬಿಟ್ಟಳು: "ಬರೀ ಕೂತಿರ್ತಾಳಾ? ಯಾರನ್ನೂ ಹೆದರಿಸಲ್ವಾ?" ಲವೀನಿಯಾ ಅವಳ ಎತ್ತರಕ್ಕೆ ಬಗ್ಗಿದಳು. "ಇಲ್ಲ ಪುಟ್ಟಿ. ಬದುಕಿದ್ದಾಗ ಈ ಮನೇಲಿ ಅವಳಿಗೆ ಕೂತ್ಕೋ ಅಂತ ಯಾರೂ ಹೇಳಿರ್ಲಿಲ್ಲ."