ಹೈಗುಳಿ ಇಳಿಜಾರಿನ ಬೆಲ್ಲು

ಆಗೆಲ್ಲ ನಮ್ಮ ಕಡೆ ಕಡಲಿನ ಮೀನು ಒಳಊರುಗಳಿಗೆ ಸೈಕಲ್ಲಿನ ಮೇಲೆ ಹೋಗುತ್ತಿತ್ತು. ಟೆಂಪೋ, ಸ್ಕೂಟರು ಬಂದಿರಲಿಲ್ಲವೆಂದಲ್ಲ. ಆದರೂ ಮೀನಿನ ಸೈಕಲ್ಲಿಗೊಂದು ಮರ್ಯಾದೆ ಉಳಿದಿತ್ತು. ಬೆಳಕು ಹರಿಯುವ ಹೊತ್ತಿಗೆ ಅಪ್ಪಯ್ಯ ಕೋಡಿಯ ದಡದಲ್ಲಿ ಬಂಗುಡೆಯನ್ನು ಮಂಜುಗಡ್ಡೆಯ ಜೊತೆ ಪೆಟ್ಟಿಗೆಗೆ ತುಂಬಿ, ಹಳೆ ಟ್ಯೂಬಿನಿಂದ ಕ್ಯಾರಿಯರಿಗೆ ಬಿಗಿದು, ಬಸ್ರೂರು ದಾಟಿ ಹಾಲಾಡಿ ದಿಕ್ಕಿಗೆ ಹೊರಡುತ್ತಿದ್ದ.

ಎಂಟನೇ ತರಗತಿಯಲ್ಲಿ ನನಗೆ ಸರ್ಕಾರದ ಸೈಕಲ್ಲು ಸಿಕ್ಕಿದ ಮೇಲೆ ಮಳೆಗಾಲವೊಂದು ಬಿಟ್ಟು, ರಜೆಯ ದಿನಗಳಲ್ಲಿ ನಾನೂ ಅವನ ಹಿಂದೆ ಹೋಗುತ್ತಿದ್ದೆ. ಆ ದಾರಿ ಒಂದೇ ಸಮ ಇರುವುದಿಲ್ಲ. ಒಂದು ಏರು, ಒಂದು ಇಳಿಜಾರು, ಕೆಳಗೆ ಗದ್ದೆಬೈಲು, ಮತ್ತೆ ಏರು. ನಾನು ಏದುಸಿರು ಬಿಟ್ಟರೆ ಅಪ್ಪಯ್ಯ ನಗುತ್ತಿದ್ದ. “ಹತ್ತಿದ್ದಷ್ಟೇ ಇಳುಕೂ ಇತ್ತ್ ಹೆಣ್ಣೆ. ಈ ರಸ್ತಿ ಯಾರಿಗೂ ಮೋಸ ಮಾಡುದಿಲ್ಲ.” ಇಳಿಜಾರು ಬಂದಾಗ ಪೆಡಲು ತುಳಿಯದೆ ಯಾರು ಹೆಚ್ಚು ದೂರ ಹೋಗುತ್ತಾರೆಂದು ನಮಗಿಬ್ಬರಿಗೂ ಪಂದ್ಯ. ಮೀನಿನ ಭಾರಕ್ಕೆ ಅವನ ಸೈಕಲ್ಲೇ ಯಾವಾಗಲೂ ಮುಂದೆ. ಕರಗಿದ ಮಂಜುಗಡ್ಡೆಯ ನೀರು ಟಾರಿನ ಮೇಲೆ ಗೆರೆ ಎಳೆಯುತ್ತಿತ್ತು. ಹಸಿ ಮೀನು, ಕಾಯುತ್ತಿದ್ದ ಟಾರು, ಹಾಲು ತುಂಬುತ್ತಿದ್ದ ಭತ್ತ, ಮೂರೂ ಕೂಡಿದ ಆ ವಾಸನೆ ಮತ್ತೆಲ್ಲೂ ನನಗೆ ಸಿಕ್ಕಿಲ್ಲ. ವ್ಯಾಪಾರ ಮುಗಿಸಿ ಬರುವಾಗ ಬಸ್ರೂರಿನ ಹೋಟೆಲಿನಲ್ಲಿ ಬಿಸಿ ಗೋಳಿಬಜೆ. ಅಪ್ಪಯ್ಯನ ಬೆರಳಿನಲ್ಲಿ ಮೀನಿನ ವಾಸನೆ, ಬಜೆಯಲ್ಲೂ ಅದೇ. ನಾನೇನೂ ಮೂಗು ಮುಚ್ಚಿಕೊಂಡವಳಲ್ಲ.

ಆ ದಾರಿಯ ಅತಿ ಉದ್ದದ ಇಳಿಜಾರಿನ ತಲೆಯಲ್ಲಿ, ಒಂದು ಹಾಲೆಮರದ ಬುಡದಲ್ಲಿ ಹೈಗುಳಿಯ ಕಲ್ಲಿತ್ತು. ಹೈಗುಳಿ ನಮ್ಮ ಕಡೆಯ ದೈವ. ಕರುಣೆಯೂ ಉಂಟು, ಸಿಟ್ಟೂ ಉಂಟು. ಸೈಕಲ್ಲಿನಲ್ಲಿ ಹೋಗುವವರು ಅಲ್ಲಿ ಬೆಲ್ಲು ಬಡಿದೇ ಇಳಿಯಬೇಕು, ಬಡಿಯದೆ ಇಳಿದವನನ್ನು ಹೈಗುಳಿ ಕೆಳಗೆ ಹಿಡಿದುಕೊಳ್ಳುತ್ತದೆ ಎಂದು ನಂಬಿಕೆ. ಮೀನು ಬಂತೆಂದು ಮನೆಗಳಿಗೆ ತಿಳಿಸಲು ಅಪ್ಪಯ್ಯನ ಸೈಕಲ್ಲಿಗೊಂದು ಹಾರ್ನೂ ಇತ್ತು. “ಹಾರ್ನ್ ಒತ್ತಿರೆ ಆಗ್ದಾ?” ಎಂದು ಕೇಳಿದ್ದೆ. “ಹಾರ್ನ್ ಮನ್ಷರಿಗೆ, ಬೆಲ್ ಹೈಗುಳಿಗೆ. ಹಾರ್ನ್ ಒತ್ತಿರೆ ಅದೂ ತಟ್ಟೆ ಹಿಡ್ಕಂಡ್ ಮೀನಿಗ್ ಬತ್ತ್ ಕಾಣ್” ಎಂದಿದ್ದ.

ಮಳೆಗಾಲ ಮುಗಿಯುತ್ತ ಬಂದ ಒಂದು ಬೆಳಿಗ್ಗೆ ನಾನು ಶಾಲೆಯಲ್ಲಿದ್ದಾಗ ಅಪ್ಪಯ್ಯ ಆ ಇಳಿಜಾರಿನ ಬುಡದಲ್ಲಿ, ಮೋರಿಯ ಪಕ್ಕ ಬಿದ್ದಿದ್ದ. ಮೀನು ರಸ್ತೆಯ ತುಂಬ ಚೆಲ್ಲಿತ್ತಂತೆ. ಡಾಕ್ಟರು ಎದೆನೋವಿನಿಂದ ಜೀವ ಹೋಗಿದೆ ಎಂದರು. ಊರವರು ಅದನ್ನು ಒಪ್ಪಿಕೊಂಡೇಬಿಡುತ್ತಿದ್ದರೇನೋ. ಆದರೆ ಮೂರನೇ ದಿನ ಸೈಕಲ್ಲು ಮನೆಗೆ ಬಂತು. ನಾಲಿಗೆಗೆ ಎಲುಬಿಲ್ಲದ ನಮ್ಮ ದೊಡ್ಡಮ್ಮ ಅದರ ಬೆಲ್ಲನ್ನು ಒತ್ತಿ ನೋಡಿದಳು. ಕಡಲ ಗಾಳಿಗೆ, ಉಪ್ಪು ನೀರಿಗೆ ತುಕ್ಕು ತಿಂದು ಅದು ಅಲ್ಲಾಡಲಿಲ್ಲ.

“ಬೆಲ್ ಸತ್ತ್ ಹೋಯಿತಲೆ! ಮತ್ತೆ ಹ್ಯಾಂಗ್ ಬಡ್ದ ಅವ? ಬಡಿಯದೇ ಇಳ್ದಿದ್ದ. ಹೈಗುಳಿ ಬಿಡುತ್ತಾ?”

ಅಮ್ಮ ಅದನ್ನು ಕೇಳಿಸಿಕೊಂಡಳು. ಬೆಲ್ಲು ರಿಪೇರಿ ಮಾಡಿಸಿಕೊಳ್ಳಿ ಎಂದು ಮಳೆಗಾಲವಿಡೀ ಅಪ್ಪಯ್ಯನಿಗೆ ಹೇಳಿದ್ದವಳು ಅವಳು. ‘ನಾಳೆ’ ಎಂದವನು ಅವನು. ಅಂದಿನಿಂದ ಅಮ್ಮ ನಮ್ಮ ಅಮ್ಮನಾಗಿ ಉಳಿಯಲಿಲ್ಲ. ಮೀನು ಮುಟ್ಟಲಿಲ್ಲ, ಬುಟ್ಟಿ ಹೊತ್ತು ಪೇಟೆಗೆ ಹೋಗಲಿಲ್ಲ. ಜಗಲಿಯಂಚಿನ ಚಿಟ್ಟೆಯ ಮೇಲೆ ಆ ಸೈಕಲ್ಲಿನ ಪಕ್ಕ ಕೂತು ಹೆಬ್ಬೆರಳಿನಿಂದ ಸತ್ತ ಬೆಲ್ಲನ್ನು ಒತ್ತುತ್ತಿದ್ದಳು. ಸದ್ದಿಲ್ಲ. ಮತ್ತೆ ಒತ್ತುತ್ತಿದ್ದಳು. ಬೆರಳು ಸುಲಿದು ತುಕ್ಕೂ ರಕ್ತವೂ ಒಂದೇ ಬಣ್ಣವಾಗಿತ್ತು. ಅಪ್ಪಯ್ಯ ಹೋದದ್ದಕ್ಕಿಂತ ಅಮ್ಮ ಹೀಗೆ ಕಣ್ಣೆದುರೇ ಹೋಗುತ್ತಿರುವುದು ನನಗೆ ಹೆಚ್ಚು ಭಯ ಹುಟ್ಟಿಸಿತು. ಅಪ್ಪಯ್ಯ ಬೆಲ್ಲು ಬಡಿದಿದ್ದನೋ ಇಲ್ಲವೋ, ಅದೊಂದು ಗೊತ್ತಾಗಬೇಕಿತ್ತು.

ನವರಾತ್ರಿಯ ರಜೆ ಸಿಕ್ಕಿದ್ದೇ ನನ್ನ ಸೈಕಲ್ಲು ಹತ್ತಿ ಒಬ್ಬಳೇ ಹೊರಟೆ. ಅದೇ ಏರು, ಅದೇ ಇಳಿಜಾರು. ಗದ್ದೆಗಳು ಹಳದಿಗೆ ತಿರುಗಿದ್ದವು. ಅಪ್ಪಯ್ಯ ಹಾದುಹೋಗುವ ಹೊತ್ತಿಗೇ ನಾನೂ ಹೋಗುತ್ತಿದ್ದೆನೆಂದು ಬೆಕ್ಕುಗಳನ್ನು ನೋಡಿದಾಗಲೇ ಹೊಳೆದದ್ದು. ಮನೆಮನೆಯ ಬೇಲಿಬಾಗಿಲಿನಲ್ಲಿ, ದಣಪೆಯ ಪಕ್ಕ ಒಂದೊಂದು ಬೆಕ್ಕು ರಸ್ತೆಗೆ ಮುಖ ಮಾಡಿ ಕೂತಿತ್ತು. ಸಾವಿನ ಸುದ್ದಿ ಮನುಷ್ಯರಿಗೆ ಮುಟ್ಟಿತ್ತು. ಅವುಗಳಿಗೆ ಯಾರು ಹೇಳಬೇಕು? ನನ್ನ ಖಾಲಿ ಕ್ಯಾರಿಯರನ್ನು ಒಮ್ಮೆ ನೋಡಿ, ಮತ್ತೆ ನಾನು ಬಂದ ದಾರಿಯ ಕಡೆಗೇ ತಿರುಗಿ ಕೂತವು. ನಾನು ಹಿಂದೆ ನೋಡದೆ ಜೋರಾಗಿ ತುಳಿದೆ.

ಹೈಗುಳಿ ಕಲ್ಲಿಗೆ ಹತ್ತಿರದ ಮನೆ ಎಂದರೆ ಅಕ್ಕಣಜ್ಜಿಯದು. ಕಣ್ಣಿಗೆ ಪೊರೆ ಬಂದು ಬೆಳಕು ಕತ್ತಲೆ ಮಾತ್ರ ತಿಳಿಯುತ್ತಿದ್ದ ಮುದುಕಿ. ಜಗಲಿಯಲ್ಲಿ ಕೂತು ಕೈ ಅಂದಾಜಿನಲ್ಲೇ ತೆಂಗಿನ ಮಡಲು ಹೆಣೆಯುತ್ತಿದ್ದಳು.

“ಯಾರದ್?”

“ಮೀನಿನ ಮಂಜನ ಮಗಳ್ ಅಜ್ಜಿ.”

ಅಜ್ಜಿಯ ಕೈ ನಿಂತಿತು. ಕೂರಿಸಿ ನೀರು, ಬೆಲ್ಲ ಕೊಟ್ಟಳು. ನೀರು ಗಂಟಲಿಗೆ ಇಳಿಯುವ ಮೊದಲೇ ನಾನು ಕೇಳಿಬಿಟ್ಟೆ.

“ಅಜ್ಜಿ, ಆ ದಿನ ಅಪ್ಪಯ್ಯ ಹೈಗುಳಿಗೆ ಬೆಲ್ ಬಡ್ದಿದ್ರಾ? ನಿಮ್ಗೆ ಕೇಂಡಿತಾ?”

“ಬೆಲ್ಲಾ!” ಅಜ್ಜಿ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕಳು. “ಅವ್ನ್ ಸೈಕಲ್ಲಿಗ್ ಬೆಲ್ ಎಲ್ಲಿತ್ತ್ ಮಗಾ? ಅದ್ ಮಳಿ ಸುರು ಆಪತಿಗೇ ಹಾಳಾಯಿತ್. ಅವ ಬಾಯಗೇ ಬಡ್ಕಂಡ್ ಹೋತಿದ್ದ. ಟ್ರಿಣ್ ಟ್ರಿಣ್ ಟ್ರೀಣ್! ‘ಹ್ವಾಯ್, ಹೈಗುಳಿಗ್ ಕೆಮಿ ಕೇಂತ್ ಮಾರಾಯಾ, ಮೆಲ್ಲ ಕೂಗ್’ ಅಂದ್ ನಾನೇ ಬೈತಿದ್ದೆ.”

“ಆ ದಿನ?”

“ಆ ದಿನವೂ ಬಡ್ದ.” ಅಜ್ಜಿ ಕಿವಿ ಮುಟ್ಟಿ ತೋರಿಸಿದಳು. “ನಾ ಈ ಕೆಮಿಯಗೇ ಕೇಂಡಿದ್ದೆ. ನಿನ್ ಅಮ್ಮಂಗ್ ಹೇಳ್, ಬಡಿಯದೆ ಇಳ್ದವ ಅಲ್ಲ ಅವ.”

ನಾನು ಸೈಕಲ್ಲು ತಿರುಗಿಸುತ್ತಿದ್ದಾಗ ಅಜ್ಜಿ ಮತ್ತೆ ಮಡಲು ಕೈಗೆ ತೆಗೆದುಕೊಂಡು, ಮಳೆ ಬಿಸಿಲಿನ ಮಾತಾಡುವಷ್ಟೇ ಸಹಜವಾಗಿ ಹೇಳಿದಳು:

“ಇವತ್ತೂ ಬಡ್ಕಂಡ್ ಹ್ವಾದ ಅಲ್ದಾ. ನೀ ಬಪ್ಪುಕಿಂತ ಚೂರ್ ಮುಂಚಿ. ದಿನಾ ಹೋತ.”

ಬೆಳಗಿನ ಬಿಸಿಲು ಸುಡುತ್ತಿತ್ತು, ಪಕ್ಕದ ಗದ್ದೆಯಲ್ಲಿ ಯಾರೋ ಹಕ್ಕಿ ಓಡಿಸುತ್ತಿದ್ದರು. ಆದರೂ ಹೈಗುಳಿ ಕಲ್ಲಿನ ಮುಂದೆ ಸೈಕಲ್ಲನ್ನು ನೂಕಿಕೊಂಡು ನಡೆದೆ. ನನ್ನ ಹೊಸ ಬೆಲ್ಲು ಮುಟ್ಟಲು ಧೈರ್ಯವಾಗಲಿಲ್ಲ. ಬಡಿದರೆ ಕೆಳಗಿನಿಂದ ಮರುದನಿ ಬಂದರೆ?

ಮನೆಗೆ ಬಂದಾಗ ಅಮ್ಮ ಅದೇ ಜಾಗದಲ್ಲಿ, ಅದೇ ಬೆರಳಿನಿಂದ ಬೆಲ್ಲು ಒತ್ತುತ್ತಿದ್ದಳು. ನಾನು ಅವಳ ಕೈ ಹಿಡಿದುಕೊಂಡೆ.

“ಅಮ್ಮ, ಅಪ್ಪಯ್ಯ ಬಾಯಗೇ ಬೆಲ್ ಬಡಿತಿದ್ರಂಬ್ರ್. ಆ ದಿನವೂ ಬಡ್ದಿರಂಬ್ರ್. ಅಕ್ಕಣಜ್ಜಿ ಕೇಂಡಿದಾರೆ.”

ಅಮ್ಮ ಮುಖ ಎತ್ತಿದಳು. ಆಮೇಲೆ ಅವಳ ತುಟಿ ಅಲುಗಿತು. “ಟ್ರಿಣ್ ಟ್ರಿಣ್ ಟ್ರೀಣ್ ಅಂದ್ರಾ?”

ಆ ಸದ್ದನ್ನು ನಾನಿನ್ನೂ ಹೇಳಿಯೇ ಇರಲಿಲ್ಲ.

“ಮದ್ವಿ ಆದ್ ವರ್ಷ ಅವ್ರ್ ಸೈಕಲ್ಲಿಗ್ ಬೆಲ್ಲೇ ಇರ್ಲಿಲ್ಲ. ನನ್ನ ಹಿಂದ್ ಕೂರ್ಸ್ಕಂಡ್ ಬಸ್ರೂರ್ ಪೇಟಿ ಉದ್ದಕ್ಕೂ ಹಾಂಗೇ ಕೂಗ್ಕಂಡ್ ಹೋಯಿದ್ರ್. ನಂಗ್ ನಾಚ್ಕಿ ಆಯಿ ಸಾಯುದೊಂದ್ ಬಾಕಿ” ಎಂದಳು. ನಕ್ಕಳು. ಆ ನಗು ಹಾಗೇ ಅಳುವಾಯಿತು. ಅಪ್ಪಯ್ಯ ಹೋದ ಮೇಲೆ ಅವಳು ಗಟ್ಟಿಯಾಗಿ ಅತ್ತದ್ದು ಅದೇ ಮೊದಲು. ಮಾರನೇ ದಿನ ಮನೆಯಲ್ಲಿ ಬಂಗುಡೆಯ ಸಾರಿನ ಪರಿಮಳವಿತ್ತು. ಆ ವಾರವೇ ಅಮ್ಮ ಬುಟ್ಟಿ ಹಿಡಿದು ಬಸ್ಸು ಹತ್ತಿದಳು.

ಅಜ್ಜಿಯ ಮಾತಿನ ಇನ್ನರ್ಧ ನನ್ನೊಳಗೇ ಉಳಿಯಿತು. ಅಮ್ಮ ಕಣ್ಣು ಮುಚ್ಚುವವರೆಗೂ ಅದನ್ನು ಅವಳಿಗೆ ಹೇಳಲಿಲ್ಲ. ಮುದುಕಿಯ ಭ್ರಮೆ ಎಂದು ತಳ್ಳಿಹಾಕಲು ಎಷ್ಟೋ ಸಲ ನೋಡಿದ್ದೇನೆ. ಆದರೆ ಮೊದಲರ್ಧ ನಿಜವಾಗಿತ್ತಲ್ಲ. ಒಂದೇ ಬಾಯಿಂದ, ಒಂದೇ ಉಸಿರಿನಲ್ಲಿ ಬಂದ ಎರಡು ಮಾತಿನಲ್ಲಿ ಬೇಕಾದ್ದನ್ನು ನಂಬಿ, ಬೇಡದ್ದನ್ನು ಬಿಡುವುದು ಹೇಗೆ?

ನಾನೀಗ ಬ್ರಹ್ಮಾವರದಲ್ಲಿದ್ದೇನೆ. ಕೆಲಸದ ಮೇಲೆ ಹಾಲಾಡಿಗೆ ಸ್ಕೂಟರಿನಲ್ಲಿ ಹೋಗುವುದುಂಟು. ರಸ್ತೆ ಅಗಲವಾಗಿದೆ. ಜೆಸಿಬಿ ತಂದು ಆ ದಿಬ್ಬವನ್ನು ಕಡಿದು, ಅದೇ ಮಣ್ಣನ್ನು ತಗ್ಗಿಗೆ ತುಂಬಿದ್ದಾರೆ. ಹಾಲೆಮರ ಹೋಯಿತು. ಕಲ್ಲನ್ನು ದೂರಕ್ಕೆ ಒಯ್ದು ಟೈಲ್ಸ್ ಹಾಕಿದ ಗುಡಿಯಲ್ಲಿ ಕೂರಿಸಿದ್ದಾರೆ. ಅಕ್ಕಣಜ್ಜಿಯ ಜಗಲಿಯೂ ಇಲ್ಲ, ದಣಪೆಯಲ್ಲಿ ಕಾಯುವ ಬೆಕ್ಕುಗಳೂ ಇಲ್ಲ; ಮೀನು ಫೋನು ಮಾಡಿದರೆ ಬರುತ್ತದೆ. ಭಾನುವಾರಗಳಲ್ಲಿ ಹೆಲ್ಮೆಟ್ಟು ಹಾಕಿದ ಪೇಟೆಯವರು ಸಪೂರ ಚಕ್ರದ ಸೈಕಲ್ಲುಗಳಲ್ಲಿ ಸಾಲಾಗಿ ಹೋಗುತ್ತಾರೆ. ಆ ಸೈಕಲ್ಲುಗಳಿಗೆ ಬೆಲ್ಲೇ ಇರುವುದಿಲ್ಲ. ಮೊನ್ನೆ ಅವರಲ್ಲೊಬ್ಬ ನಿಲ್ಲಿಸಿ, “ಮೇಡಂ, ಮುಂದೆ ದೊಡ್ಡ ಡೌನ್ ಉಂಟಾ?” ಎಂದು ಕೇಳಿದ. “ಇತ್ತು” ಎಂದೆ.

ಅವರು ಮರೆಯಾದ ಮೇಲೆ ಸ್ವಲ್ಪ ಮುಂದೆ ಹೋಗಿ ಸ್ಕೂಟರು ನಿಲ್ಲಿಸಿದೆ. ಹಾಲೆಮರವಿದ್ದ ಜಾಗ ಇದೇ ಇರಬೇಕು ಎಂದು ಅಂದಾಜು ಮಾಡಿ, ಆಚೀಚೆ ಯಾರೂ ಇಲ್ಲವೆಂದು ನೋಡಿಕೊಂಡು, ಬಾಯಲ್ಲೇ ಟ್ರಿಣ್ ಟ್ರಿಣ್ ಟ್ರೀಣ್ ಎಂದೆ. ಹೋದಾಗಲೆಲ್ಲ ಹಾಗೆ ಮಾಡುತ್ತೇನೆ. ಹೈಗುಳಿಗಲ್ಲ. ಏರೂ ಇಲ್ಲದ, ಇಳಿಜಾರೂ ಇಲ್ಲದ ಈ ರಸ್ತೆಯಲ್ಲಿ ಅಪ್ಪಯ್ಯನಿಗೆ ಜಾಗ ಗೊತ್ತಾಗಬೇಕಲ್ಲ.